ಆಟದ ಗದ್ದೆಯಿಂದ ವಿಡಿಯೊ ಕಳುಹಿಸುವ ದಾರಿಗಳು: ಆರ್‌ಟಿಎಂಪಿ, ಎಸ್‌ಆರ್‌ಟಿ, ಆರ್‌ಸಿಂಕ್ ಮತ್ತು ಎಕ್ಸ್‌ಪ್ರೆಸ್ ಬಸ್ಸು

ಉಡುಪಿ ಬಳಿಯ ಹಿರಿಯಡ್ಕದ ಆಚೆಯ ಒಂದು ಗದ್ದೆಯಲ್ಲಿ ಸಂಜೆ ಆರು ಗಂಟೆಗೆ, ಯಕ್ಷಗಾನದ ರಂಗಸ್ಥಳಕ್ಕೆ ಇನ್ನೂ ದೀಪ ಕಟ್ಟುತ್ತಿರುವಾಗ, ನನ್ನ 4ಜಿ ರೌಟರ್ ಸೆಕೆಂಡಿಗೆ 14 ಮೆಗಾಬಿಟ್ ವೇಗದಲ್ಲಿ ಅಪ್‌ಲೋಡ್ ಮಾಡುತ್ತಿತ್ತು. ರಾತ್ರಿ ಪೂರ್ವರಂಗ ಮುಗಿದು ಪ್ರಸಂಗ ಆರಂಭವಾಗುವ ಹೊತ್ತಿಗೆ ಅದೇ ರೌಟರಿನಲ್ಲಿ, ಅದೇ ಜಾಗದಲ್ಲಿ, ಅದೇ ಸಿಮ್ಮಿನಲ್ಲಿ 2 ಮೆಗಾಬಿಟ್ ಸಿಗುವುದೂ ಕಷ್ಟವಾಯಿತು. ಸಿಗ್ನಲ್ ಕಡ್ಡಿಗಳು ಮಾತ್ರ ಪೂರ್ತಿ ತುಂಬಿಯೇ ಇದ್ದವು. ಆ ಕಡ್ಡಿಗಳು ಟವರಿನ ಅಲೆ ನಮ್ಮನ್ನು ಎಷ್ಟು ಗಟ್ಟಿಯಾಗಿ ತಲುಪುತ್ತಿದೆ ಎಂದಷ್ಟೇ ತಿಳಿಸುತ್ತವೆ. ಆ ಟವರನ್ನು ಹಂಚಿಕೊಂಡಿರುವ ನೂರಾರು ಫೋನುಗಳ ನಡುವೆ ನಮ್ಮ ಪಾಲು ಎಷ್ಟು ಎಂಬುದನ್ನು ತಿಳಿಸುವುದಿಲ್ಲ.

ಹರಕೆ ಆಟ ಆಡಿಸುವ ಮನೆಯವರಿಗೆ ನನ್ನಿಂದ ಎರಡು ಕೆಲಸ ಆಗಬೇಕಿರುತ್ತದೆ. ಮುಂಬೈಯಲ್ಲಿಯೂ ಗಲ್ಫ್ ದೇಶಗಳಲ್ಲಿಯೂ ಇರುವ ಅವರ ಬಂಧುಗಳು ಆಟವನ್ನು ನಡೆಯುವಾಗಲೇ ನೋಡಬೇಕು. ಮುದ್ರಣವಾದ ವಿಡಿಯೊ ಮಂಗಳೂರಿನಲ್ಲಿರುವ ನನ್ನ ಸ್ನೇಹಿತನಿಗೆ ತಲುಪಿ, ಸಂಕಲನಗೊಂಡು ಮನೆಯವರ ಕೈಸೇರಬೇಕು. ಕಳೆದ ತಿರುಗಾಟದಲ್ಲಿ (ಮೇಳಗಳು ಊರೂರು ಸುತ್ತಿ ಆಟ ಆಡುವ ಋತುವಿನಲ್ಲಿ) ಮೂರು ಇಡೀ ರಾತ್ರಿಯ ಆಟಗಳಲ್ಲಿ, ಹಿರಿಯಡ್ಕ, ಬ್ರಹ್ಮಾವರ ಮತ್ತು ಕಾಪು ಪರಿಸರದಲ್ಲಿ, ಈ ಎರಡೂ ಕೆಲಸಗಳಿಗೆ ಲಭ್ಯವಿರುವ ದಾರಿಗಳನ್ನು ಒಂದರ ಎದುರು ಒಂದಿಟ್ಟು ಪರೀಕ್ಷಿಸಿದೆ. ನೇರಪ್ರಸಾರದ ಎರಡು ವಿಧಾನಗಳಾದ ಆರ್‌ಟಿಎಂಪಿ ಮತ್ತು ಎಸ್‌ಆರ್‌ಟಿಯನ್ನು ಒಟ್ಟಿಗೆ ಓಡಿಸಿದರೆ ಅವು ಪರಸ್ಪರ ಪಾಲು ಕಿತ್ತುಕೊಳ್ಳುತ್ತವೆಯಾದ್ದರಿಂದ, ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಯಿಸುತ್ತಾ ಹೋದೆ. ಎರಡೂ ಮುಂಬೈಯಲ್ಲಿ ಬಾಡಿಗೆಗೆ ಪಡೆದ ಒಂದು ಸಣ್ಣ ಸರ್ವರಿಗೆ ಬಂದು, ಅಲ್ಲಿಂದ ಯೂಟ್ಯೂಬಿಗೆ ಹೋಗುವಂತೆ ಮಾಡಿದ್ದೆ.

ಫಲಿತಾಂಶಕ್ಕೆ ಮೊದಲು ದಟ್ಟಣೆಯ ಸ್ವಭಾವದ ಬಗ್ಗೆ ಒಂದು ಮಾತು ಅಗತ್ಯ. ಟವರು ಪ್ರತಿಯೊಂದು ಫೋನಿಗೂ ಕಳುಹಿಸುವ ಸರದಿಯನ್ನು ಹಂಚುತ್ತದೆ, ಸರದಿ ಬರುವವರೆಗೆ ಪ್ಯಾಕೆಟ್‌ಗಳು, ಅಂದರೆ ಮಾಹಿತಿಯ ಸಣ್ಣ ತುಣುಕುಗಳು, ನಮ್ಮ ರೌಟರಿನೊಳಗೇ ಸಾಲು ನಿಲ್ಲುತ್ತವೆ. ಗಾಳಿಯಲ್ಲಿ ಕೆಟ್ಟುಹೋದ ತುಣುಕನ್ನು ರೇಡಿಯೊ ಹಂತದಲ್ಲಿಯೇ ಮತ್ತೆ ಕಳುಹಿಸುವ ವ್ಯವಸ್ಥೆ ಇರುವುದರಿಂದ, ಮೊಬೈಲ್ ಜಾಲದಲ್ಲಿ ದಟ್ಟಣೆಯು ಮೊದಲು ನಷ್ಟವಾಗಿ ಕಾಣುವುದಿಲ್ಲ, ತಡವಾಗಿ ಕಾಣುತ್ತದೆ. ಸಂಜೆ 60 ಮಿಲಿಸೆಕೆಂಡಿನಲ್ಲಿ ಹೋಗಿ ಬರುತ್ತಿದ್ದ ಪಿಂಗ್ (ತಡವನ್ನು ಅಳೆಯಲು ಕಳುಹಿಸುವ ಸಣ್ಣ ಸಂದೇಶ) ರಾತ್ರಿ ಹತ್ತಕ್ಕೆ 900 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಆದ್ದರಿಂದ ಈ ಹೋಲಿಕೆಯಲ್ಲಿ ನಾನು ನೋಡಿದ್ದು ವೇಗವನ್ನಲ್ಲ. ತಡವಾದಾಗ ಒಂದೊಂದು ವಿಧಾನವೂ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು.

ಮೊದಲು ಆರ್‌ಟಿಎಂಪಿ. ಬ್ರೌಸರಿನಲ್ಲಿ ವಿಡಿಯೊ ತೋರಿಸುತ್ತಿದ್ದ ಫ್ಲ್ಯಾಶ್ ತಂತ್ರಾಂಶದ ಕಾಲದಲ್ಲಿ ಹುಟ್ಟಿದ ಈ ವಿಧಾನ, 2020ರ ಕೊನೆಗೆ ಫ್ಲ್ಯಾಶ್ ಕಣ್ಣುಮುಚ್ಚಿದ ಮೇಲೂ, ನೇರಪ್ರಸಾರವನ್ನು ಮೇಲೇರಿಸುವ ಸಾಮಾನ್ಯ ದಾರಿಯಾಗಿ ಉಳಿದಿದೆ. ನೇರಪ್ರಸಾರಕ್ಕೆ ಬಳಸುವ ಒಬಿಎಸ್ ತಂತ್ರಾಂಶದಲ್ಲಿ ಯೂಟ್ಯೂಬ್ ಕೊಡುವ ಒಂದು ಕೀಲಿಯನ್ನು ಅಂಟಿಸಿದರೆ ಕೆಲಸ ಮುಗಿಯಿತು. ನಡುವೆ ಸರ್ವರ್ ಇಲ್ಲದೆಯೂ ನೇರವಾಗಿ ಯೂಟ್ಯೂಬಿಗೆ ಕಳುಹಿಸಬಹುದು. ಆದರೆ ಇದು ಪ್ಯಾಕೆಟ್‌ಗಳನ್ನು ಒಂದೂ ಬಿಡದೆ ಕ್ರಮವಾಗಿ ತಲುಪಿಸುವ ಟಿಸಿಪಿ ಎಂಬ ಇಂಟರ್ನೆಟ್ ನಿಯಮದ ಮೇಲೆ ಸಾಗುತ್ತದೆ, ಮತ್ತು ಟಿಸಿಪಿಗೆ ಒಂದು ಪ್ಯಾಕೆಟ್ ಬಾರದೆ ಮುಂದಿನದನ್ನು ಒಪ್ಪಿಸುವ ಅಭ್ಯಾಸವಿಲ್ಲ. ದಟ್ಟಣೆ ಕಂಡಾಗ ಕಳುಹಿಸುವ ವೇಗವನ್ನು ತಗ್ಗಿಸುವುದು ಅದರ ಇನ್ನೊಂದು ಗುಣ. ಈ ಗುಣಕ್ಕೆ ಕಾರಣವಿದೆ: 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ, ಅಂತರ ಕೇವಲ 400 ಗಜವಾಗಿದ್ದರೂ, ಸೆಕೆಂಡಿಗೆ 32 ಕಿಲೊಬಿಟ್‌ನಿಂದ 40 ಬಿಟ್‌ಗೆ ಕುಸಿದಿತ್ತು. ಕಳುಹಿಸುವವರೆಲ್ಲ ಹಿಂಜರಿಯದೆ ಮತ್ತೆ ಮತ್ತೆ ತುರುಕಿದರೆ ಯಾರದ್ದೂ ತಲುಪುವುದಿಲ್ಲ ಎಂಬುದನ್ನು ಕಂಡ ವ್ಯಾನ್ ಜಾಕಬ್ಸನ್ 1988ರ ಪ್ರಬಂಧದಲ್ಲಿ ವಿವರಿಸಿದ ಸಂಯಮವೇ ಇಂದಿನ ಟಿಸಿಪಿಯ ಬುನಾದಿ. ಆ ಸಂಯಮ ಕಡತಕ್ಕೆ ಒಪ್ಪುತ್ತದೆ. ನಡೆಯುತ್ತಿರುವ ಆಟಕ್ಕೆ ಅಷ್ಟಾಗಿ ಒಪ್ಪುವುದಿಲ್ಲ, ಏಕೆಂದರೆ ಭಾಗವತರು ನಮ್ಮ ಜಾಲಕ್ಕಾಗಿ ಕಾಯುವುದಿಲ್ಲ.

720ಪಿ ಚಿತ್ರವನ್ನು 2.5 ಮೆಗಾಬಿಟ್‌ನಲ್ಲಿ ಕಳುಹಿಸಲು ಹೊರಟ ಮೊದಲ ರಾತ್ರಿ, ಹತ್ತು ಗಂಟೆಯ ಹೊತ್ತಿಗೆ ಒಬಿಎಸ್ ಫ್ರೇಮುಗಳನ್ನು ಬಿಡತೊಡಗಿತು. ಅದು ಚಿತ್ರದ ಫ್ರೇಮುಗಳನ್ನು ಬಿಡುತ್ತದೆಯೇ ಹೊರತು ಧ್ವನಿಯನ್ನು ಬಿಡುವುದಿಲ್ಲ. ಯಕ್ಷಗಾನದ ಮಟ್ಟಿಗೆ ಇದು ಬಹಳ ಒಳ್ಳೆಯ ತೀರ್ಮಾನ. ಆದರೂ ಸಂಪರ್ಕವೇ ಎರಡು ಮೂರು ಸೆಕೆಂಡ್ ನಿಂತಾಗ ಧ್ವನಿಯೂ ನಿಲ್ಲುತ್ತಿತ್ತು, ಮತ್ತೆ ಬಂದಾಗ ಹಿಂದಿನಿಂದಲೇ ಮುಂದುವರಿಯುತ್ತಿದ್ದುದರಿಂದ ನೋಡುವವರು ನಿಧಾನವಾಗಿ ಆಟಕ್ಕಿಂತ ಹಿಂದೆ ಬೀಳುತ್ತಿದ್ದರು. ಮುಂಬೈಯಿಂದ ಕರೆ ಬಂತು: “ಪದ್ಯ ಅರ್ಧಕ್ಕೇ ನಿಂತಿದೆ ಮಾರಾಯ, ಚಕ್ರ ತಿರುಗುತ್ತಾ ಇದೆ.” ದಟ್ಟಣೆಗೆ ತಕ್ಕಂತೆ ಬಿಟ್‌ರೇಟನ್ನು (ಸೆಕೆಂಡಿಗೆ ಕಳುಹಿಸುವ ಮಾಹಿತಿಯ ಪ್ರಮಾಣವನ್ನು) ತಾನೇ ಇಳಿಸುವ ಆಯ್ಕೆಯೊಂದು ಒಬಿಎಸ್‌ನ ಮುಂದುವರಿದ ಸೆಟ್ಟಿಂಗುಗಳಲ್ಲಿದೆ. ಅದನ್ನು ಸಕ್ರಿಯಗೊಳಿಸಿದ ಮೇಲೆ ಚಿತ್ರ ಮಸುಕಾಯಿತು, ಆದರೆ ನಿಲುಗಡೆಗಳು ಅರ್ಧಕ್ಕಿಂತ ಕಡಿಮೆಯಾದವು. ಆರ್‌ಟಿಎಂಪಿಯನ್ನೇ ಬಳಸುವವರು ಈ ಗುರುತು ಹಾಕದೆ ಗದ್ದೆಗೆ ಇಳಿಯಬಾರದು ಎಂಬುದು ನನ್ನ ಅಭಿಪ್ರಾಯ.

ಎಸ್‌ಆರ್‌ಟಿಯನ್ನು ಹೈವಿಷನ್ ಸಂಸ್ಥೆ ರೂಪಿಸಿ, 2017ರಲ್ಲಿ ಅದರ ಮೂಲಸಂಕೇತವನ್ನು ಎಲ್ಲರಿಗೂ ತೆರೆಯಿತು. ಇದು ತಲುಪಿತೇ ಎಂದು ಕಾಯದೆ ಕಳುಹಿಸುವ ಯುಡಿಪಿ ಎಂಬ ನಿಯಮದ ಮೇಲೆ ನಡೆಯುತ್ತದೆ, ಕಳೆದುಹೋದ ಪ್ಯಾಕೆಟ್ಟನ್ನು ಮಾತ್ರ ಮತ್ತೆ ಕೇಳಿ ಪಡೆಯುತ್ತದೆ, ಮತ್ತು ನಿಗದಿಯಾದ ಸಮಯದೊಳಗೆ ಅದು ಬಾರದಿದ್ದರೆ ಬಿಟ್ಟು ಮುಂದೆ ಹೋಗುತ್ತದೆ. ಆ ನಿಗದಿತ ಸಮಯವನ್ನು ನಾವೇ ಹೇಳಬೇಕು. ಆರ್‌ಟಿಎಂಪಿಯಲ್ಲಿ ತಡವು ಹೇಳದೆ ಕೇಳದೆ ಬೆಳೆಯುತ್ತದೆ. ಎಸ್‌ಆರ್‌ಟಿ “ಎಷ್ಟು ತಡಕ್ಕೆ ನೀವು ಒಪ್ಪುತ್ತೀರಿ” ಎಂದು ಮೊದಲೇ ಕೇಳುತ್ತದೆ. ಈ ಪ್ರಶ್ನೆಗೆ ಉತ್ತರಿಸದೆ ಹೋದುದೇ ಮೊದಲ ರಾತ್ರಿ ನಾನು ಮಾಡಿದ ತಪ್ಪು. ಅದರ ಮೂಲ ಸೆಟ್ಟಿಂಗ್ 120 ಮಿಲಿಸೆಕೆಂಡ್. ಹೋಗಿ ಬರುವುದಕ್ಕೇ 900 ಮಿಲಿಸೆಕೆಂಡ್ ಹಿಡಿಯುವ ಜಾಲದಲ್ಲಿ, ಮರಳಿ ಕೇಳಿದ ಪ್ಯಾಕೆಟ್ ಅಷ್ಟರೊಳಗೆ ಬರುವ ಪ್ರಶ್ನೆಯೇ ಇಲ್ಲ. ವೇಷದ ಕಿರೀಟ ಚೌಕ ಚೌಕವಾಗಿ ಒಡೆಯಿತು, ಚೆಂಡೆಯ ನಡುವೆ ಮೌನದ ತೂತುಗಳು ಬಿದ್ದವು. ಆ ಇಪ್ಪತ್ತು ನಿಮಿಷದಲ್ಲಿ ಆರ್‌ಟಿಎಂಪಿಯೇ ಗೆದ್ದಿತೆಂದು ಬರೆದುಕೊಂಡೆ.

ಹೋಗಿ ಬರುವ ಕಾಲದ ನಾಲ್ಕು ಪಟ್ಟನ್ನು ನಿಗದಿಪಡಿಸಿ ಎಂಬುದು ಎಸ್‌ಆರ್‌ಟಿ ಬಳಸುವವರಲ್ಲಿರುವ ರೂಢಿಯ ಲೆಕ್ಕ. ಅದರಂತೆ ಬ್ರಹ್ಮಾವರದ ಆಟಕ್ಕೆ 4000 ಮಿಲಿಸೆಕೆಂಡ್ ಕೊಟ್ಟೆ. ನಾಲ್ಕು ಸೆಕೆಂಡ್ ತಡವಾಗಿ ಬಂದ ಆಟವನ್ನು ದುಬೈಯಲ್ಲಿ ಕುಳಿತವರು ಗುರುತಿಸಲೂ ಇಲ್ಲ. ಹೇಗೂ ಯೂಟ್ಯೂಬ್ ತನ್ನ ಕಡೆಯಿಂದ ಇನ್ನಷ್ಟು ಸೆಕೆಂಡುಗಳನ್ನು ಸೇರಿಸುತ್ತದೆ. ಆ ರಾತ್ರಿ ಹತ್ತರಿಂದ ಒಂದರವರೆಗಿನ ದಟ್ಟಣೆಯಲ್ಲಿ, ಎಸ್‌ಆರ್‌ಟಿಯ ಸರದಿಗಳಲ್ಲಿ ಕಣ್ಣಿಗೆ ಕಂಡ ಒಡಕು ಎರಡು ಮಾತ್ರ.

ಇದಕ್ಕೆ ತಡದ ಸೆಟ್ಟಿಂಗ್ ಒಂದೇ ಕಾರಣವಲ್ಲ. ನೇರಪ್ರಸಾರದ ಕ್ರಮದಲ್ಲಿ ಎಸ್‌ಆರ್‌ಟಿ ಟಿಸಿಪಿಯ ಹಾಗೆ ತಾನಾಗಿ ಹಿಂದೆ ಸರಿಯುವುದಿಲ್ಲ. ನಾವು ಕೊಟ್ಟ ಬಿಟ್‌ರೇಟನ್ನು ಹಾಗೆಯೇ ಕಳುಹಿಸಿ, ಮರುಕಳುಹಿಸಲು ಅದರ ಮೇಲೆ ಶೇ 25ರಷ್ಟು ಹೆಚ್ಚುವರಿ ಜಾಗ ಬಳಸುತ್ತದೆ. ಅಂದರೆ 2 ಮೆಗಾಬಿಟ್ ಸಿಗುವಲ್ಲಿ 2 ಮೆಗಾಬಿಟ್‌ನ ಚಿತ್ರ ಕಳುಹಿಸಿದರೆ ದಟ್ಟಣೆಯನ್ನು ನಾವೇ ಹೆಚ್ಚಿಸಿದಂತೆ. ಮೇಲಾಗಿ, ಬಿಡುವ ಪ್ರಸಂಗ ಬಂದಾಗ ಅದು ಚೆಂಡೆಯೆಂದೂ ವೇಷವೆಂದೂ ಭೇದ ಮಾಡುವುದಿಲ್ಲ. ಆದ್ದರಿಂದ ಚಿತ್ರವನ್ನು 1.2 ಮೆಗಾಬಿಟ್‌ಗೆ ಇಳಿಸಿದೆ, ಧ್ವನಿಯನ್ನು ಮಾತ್ರ 160 ಕಿಲೊಬಿಟ್‌ಗೆ ಏರಿಸಿದೆ. ಕೆಲವರು ಇದಕ್ಕೆ ವಿರುದ್ಧವಾಗಿ ಧ್ವನಿಯನ್ನು 64 ಕಿಲೊಬಿಟ್‌ಗೆ ಕತ್ತರಿಸಿ ಚಿತ್ರವನ್ನು ಹೊಳೆಯಿಸುವುದನ್ನು ನೋಡಿದ್ದೇನೆ. ಉಳಿತಾಯ 96 ಕಿಲೊಬಿಟ್. ಅದಕ್ಕೆ ತೆರುವ ಬೆಲೆ ಮದ್ದಳೆಯ ನಾದ. ನಮ್ಮ ಪ್ರೇಕ್ಷಕರು ಮಸುಕಾದ ಮುಖವನ್ನು ಸಹಿಸುತ್ತಾರೆ, ಒಡೆದ ಹಿಮ್ಮೇಳವನ್ನು ಸಹಿಸುವುದಿಲ್ಲ.

ನಡುವಿನ ಸರ್ವರಿನ ಬಾಡಿಗೆ ಮತ್ತು ಅದನ್ನು ಸಿದ್ಧಪಡಿಸುವ ಶ್ರಮ ಎಸ್‌ಆರ್‌ಟಿಯ ಖರ್ಚಿನ ಕಡೆ ಬೀಳುತ್ತದೆ. ವರ್ಷಕ್ಕೊಂದು ಕಾರ್ಯಕ್ರಮ ಮಾಡುವವರಿಗೆ ಅದು ಬೇಕಾಗಿಲ್ಲ. ಇನ್ನು 2024ರ ಜನವರಿ 18ರ ಪರ್ಯಾಯದ (ಉಡುಪಿ ಕೃಷ್ಣಮಠದ ಪೂಜಾಧಿಕಾರ ಹಸ್ತಾಂತರದ ಉತ್ಸವದ) ರಾತ್ರಿ ಜೋಡುಕಟ್ಟೆಯಿಂದ ಮೆರವಣಿಗೆ ಹೊರಟು ರಥಬೀದಿಗೆ ಬರುವಾಗ ನಾನು ಕಂಡಂಥ ದಟ್ಟಣೆಗೆ ಎರಡೂ ಉತ್ತರವಲ್ಲ. ಅಂದು ಒಂದು ಫೋಟೊ ಕೂಡ ಹೋಗುತ್ತಿರಲಿಲ್ಲ. ಅಂಥಲ್ಲಿ ಪಕ್ಕದ ಮನೆಯವರನ್ನು ಕೇಳಿ ಅವರ ಫೈಬರ್ ಸಂಪರ್ಕಕ್ಕೆ ತಂತಿ ಎಳೆಯುವುದೇ ಸರಿ.

ಕಡತಗಳ ವಿಷಯಕ್ಕೆ ಬಂದರೆ ಹೋಲಿಕೆ ಬೇಗ ಮುಗಿಯುತ್ತದೆ. ಒಂದೂವರೆ ಗಂಟೆಯ 6 ಜಿಬಿ ವಿಡಿಯೊವನ್ನು ಬ್ರೌಸರಿನ ಮೂಲಕ ಒಂದು ಕ್ಲೌಡ್ ಸೇವೆಗೆ ಏರಿಸುವಾಗ ಮುಕ್ಕಾಲು ಭಾಗ ಮುಗಿದ ಮೇಲೆ ಸಂಪರ್ಕ ತಪ್ಪಿತು, ಪುಟ ಮತ್ತೆ ಸೊನ್ನೆಯಿಂದ ಆರಂಭಿಸಿತು. ಅದೇ ಕಡತವನ್ನು ಆರ್‌ಸಿಂಕ್ ಮೂಲಕ, ಅರ್ಧ ಹೋದುದನ್ನು ಉಳಿಸಿಕೊಳ್ಳುವ ‘ಪಾರ್ಶಿಯಲ್’ ಆಯ್ಕೆಯೊಂದಿಗೆ ಕಳುಹಿಸಿದಾಗ ಐದು ಬಾರಿ ಸಂಪರ್ಕ ತಪ್ಪಿದರೂ ಕೆಲಸ ಹಾಳಾಗಲಿಲ್ಲ. 1996ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕರಾಸ್ ರೂಪಿಸಿದ ಈ ಸಾಧನ ಆ ಬದಿಯಲ್ಲಿ ಈಗಾಗಲೇ ಇರುವುದನ್ನು ಹೋಲಿಸಿ ನೋಡಿ, ಇಲ್ಲದ್ದನ್ನಷ್ಟೇ ಕಳುಹಿಸುತ್ತದೆ. ಅಭ್ಯಾಸಬಲದಿಂದ ಸಂಕುಚನದ ಆಯ್ಕೆಯನ್ನೂ ಸೇರಿಸುವವರಿದ್ದಾರೆ. ವಿಡಿಯೊ ಮೊದಲೇ ಸಂಕುಚಿತವಾಗಿರುವುದರಿಂದ ಅದರಿಂದ ಲ್ಯಾಪ್‌ಟಾಪ್ ಬಿಸಿಯಾಗುವುದು ಬಿಟ್ಟರೆ ಬೇರೆ ಲಾಭವಿಲ್ಲ. ರಾತ್ರಿ ಹತ್ತಕ್ಕೆ 2 ಮೆಗಾಬಿಟ್‌ನಲ್ಲಿ ಈ ಕಡತಕ್ಕೆ ಆರು ಗಂಟೆ ನಲವತ್ತು ನಿಮಿಷ ಬೇಕು. ಜನ ಅರ್ಧಕ್ಕರ್ಧ ಮನೆಗೆ ಹೋದ ಮೇಲೆ, ಎರಡು ಗಂಟೆಯ ನಂತರ, 8 ಮೆಗಾಬಿಟ್ ಸಿಕ್ಕಿದಾಗ ಅದೇ ಕಡತ ಒಂದು ಗಂಟೆ ನಲವತ್ತು ನಿಮಿಷದಲ್ಲಿ ತಲುಪುತ್ತದೆ.

ಇಲ್ಲಿ ಟಿಸಿಪಿಯ ವೇಗ ನಿರ್ಧರಿಸುವ ಬಿಬಿಆರ್ ಎಂಬ ಕ್ರಮದ ಬಗ್ಗೆ ಹೇಳಬೇಕು. ಲಿನಕ್ಸ್ 2006ರಿಂದ ಬಳಸುತ್ತಿರುವ ಕ್ಯೂಬಿಕ್ ಎಂಬ ದಟ್ಟಣೆ ನಿಯಂತ್ರಣ ಕ್ರಮ, ಪ್ಯಾಕೆಟ್ ಕಳೆದುಹೋಗುವವರೆಗೆ ವೇಗ ಏರಿಸುತ್ತಲೇ ಹೋಗುತ್ತದೆ. ಮೊಬೈಲ್ ಜಾಲದಲ್ಲಿ ಅದರ ಅರ್ಥ, ರೌಟರಿನ ಸಾಲು ತುಂಬಿ ತುಳುಕುವವರೆಗೆ. 2016ರಲ್ಲಿ ಗೂಗಲ್ ಪ್ರಕಟಿಸಿದ ಬಿಬಿಆರ್, ದಾರಿಯ ಅಗಲವನ್ನೂ ಹೋಗಿ ಬರುವ ಕನಿಷ್ಠ ಕಾಲವನ್ನೂ ಅಳೆದು ಸಾಲು ಬೆಳೆಯದಂತೆ ಕಳುಹಿಸಲು ನೋಡುತ್ತದೆ. ನನ್ನ ಪರೀಕ್ಷೆಯಲ್ಲಿ ಕಡತ ತಲುಪಿದ ಸಮಯದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದರೆ ಕ್ಯೂಬಿಕ್‌ನಲ್ಲಿ ಕಡತ ಹೋಗುತ್ತಿರುವಾಗ ಪಿಂಗ್ 1400 ಮಿಲಿಸೆಕೆಂಡ್ ಮುಟ್ಟುತ್ತಿತ್ತು, ಬಿಬಿಆರ್‌ನಲ್ಲಿ 300ರ ಆಸುಪಾಸಿನಲ್ಲಿತ್ತು. ನೇರಪ್ರಸಾರವೂ ಅದೇ ರೌಟರಿನಲ್ಲಿ ಸಾಗುತ್ತಿರುವಾಗ ಇದೇ ನಿಜವಾದ ಲಾಭ. ಕೆಲವರು ಸರ್ವರಿನಲ್ಲಿ ಬಿಬಿಆರ್ ಹಾಕಿ, ಅಪ್‌ಲೋಡಿಗೆ ಏನೂ ಆಗಲಿಲ್ಲವಲ್ಲ ಎನ್ನುತ್ತಾರೆ. ವೇಗ ನಿರ್ಧರಿಸುವವನು ಕಳುಹಿಸುವವನು. ಅಪ್‌ಲೋಡಿನಲ್ಲಿ ಅದು ಗದ್ದೆಯಲ್ಲಿರುವ ಲ್ಯಾಪ್‌ಟಾಪ್.

ಪಡೆಯುವವರೇ ಕಡತವನ್ನು ಪರಸ್ಪರ ಹಂಚಿಕೊಳ್ಳುವ ಟೊರೆಂಟ್ ಕೂಡ ಪ್ರಯತ್ನಿಸಿದೆ. ಇತರರ ಸಂಚಾರಕ್ಕೆ ದಾರಿ ಬಿಟ್ಟುಕೊಡುವ ಅದರ ಲೆಡ್‌ಬ್ಯಾಟ್ ಕ್ರಮ ಸೊಗಸಾದದ್ದೇ, ಆದರೆ ಬಂಧುಗಳಲ್ಲಿ ಇಬ್ಬರು ಮಾತ್ರ ಕಂಪ್ಯೂಟರ್ ತೆರೆದಿಟ್ಟರು. ವಿಡಿಯೊ ಸಂಕುಚನದ ಹೊಸ ಕ್ರಮವಾದ ಎಚ್.265 ಒಂದೇ ಗುಣಮಟ್ಟಕ್ಕೆ ಹಳೆಯ ಎಚ್.264ರ ಸುಮಾರು ಅರ್ಧದಷ್ಟು ಗಾತ್ರದಲ್ಲಿ ಮುಗಿಸುತ್ತದೆಂಬುದು ಸರಿ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದೂವರೆ ಗಂಟೆಯ ಆಟವನ್ನು ಹಾಗೆ ಪರಿವರ್ತಿಸಲು ತಗಲಿದ ಸಮಯದಲ್ಲಿ ಮೂಲ ಕಡತವೇ ತಲುಪಿಬಿಡುತ್ತಿತ್ತು.

ಕೊನೆಯದು ಬಸ್ಸು. ಎರಡು ಕ್ಯಾಮೆರಾಗಳ ಇಡೀ ರಾತ್ರಿಯ ಮೂಲ ಮುದ್ರಣ 96 ಜಿಬಿ ಆಗಿತ್ತು. 6 ಮೆಗಾಬಿಟ್ ನಿರಂತರವಾಗಿ ಸಿಕ್ಕಿದರೂ ಅದಕ್ಕೆ ಮೂವತ್ತೈದೂವರೆ ಗಂಟೆ ಬೇಕು. ಬೆಳಿಗ್ಗೆ ಮಂಗಳ ಹಾಡಿದ ಮೇಲೆ ಉಡುಪಿಯ ನಿಲ್ದಾಣಕ್ಕೆ ಬಂದು, ಡಿಸ್ಕನ್ನು ಸ್ಪಂಜು ಹಾಕಿದ ಡಬ್ಬಿಯಲ್ಲಿಟ್ಟು ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟೆ. ಒಂದೂವರೆ ಗಂಟೆಯಲ್ಲಿ ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಸ್ನೇಹಿತ ಅದನ್ನು ಪಡೆದುಕೊಂಡ. ಲೆಕ್ಕ ಹಾಕಿದರೆ ಸೆಕೆಂಡಿಗೆ 142 ಮೆಗಾಬಿಟ್ ಆಯಿತು, ಡಿಸ್ಕಿಗೆ ತುಂಬಿಸಿದ ಸಮಯವನ್ನು ಬಿಟ್ಟು. ಇದರ ದೋಷವೆಂದರೆ ದಾರಿಯಲ್ಲಿ ತಪ್ಪಿಹೋದರೆ ಮತ್ತೆ ಕೇಳುವ ವ್ಯವಸ್ಥೆ ಇಲ್ಲ. ಆದ್ದರಿಂದ ಕ್ಯಾಮೆರಾದ ಕಾರ್ಡುಗಳನ್ನು ನಾನು ಅಳಿಸದೆ ಇಟ್ಟುಕೊಂಡು, ಪ್ರತಿಯೊಂದು ಕಡತದ ಚೆಕ್‌ಸಮ್ (ಕಡತ ಕೆಟ್ಟಿಲ್ಲವೆಂದು ತಾಳೆ ನೋಡಲು ಅದರಿಂದಲೇ ಲೆಕ್ಕಿಸಿದ ಸಂಖ್ಯೆ) ಪಟ್ಟಿಯನ್ನು ಅವನಿಗೆ ವಾಟ್ಸ್‌ಆ್ಯಪಿನಲ್ಲಿ ಕಳುಹಿಸುತ್ತೇನೆ. ಅವನು ತನ್ನಲ್ಲಿ ಲೆಕ್ಕಿಸಿ ತಾಳೆ ನೋಡಿ “ಸರಿ ಉಂಟು” ಎಂದ ಮೇಲೆಯೇ ಕಾರ್ಡು ಮುಂದಿನ ಆಟಕ್ಕೆ ಖಾಲಿಯಾಗುತ್ತದೆ. ಪಟ್ಟಿಯ ಗಾತ್ರ ಎರಡು ಕಿಲೊಬೈಟ್ ಕೂಡ ಇಲ್ಲದಿರುವುದರಿಂದ ಅದು ಎಂಥ ದಟ್ಟಣೆಯಲ್ಲಿಯೂ ನುಸುಳಿಕೊಂಡು ಬಸ್ಸಿಗಿಂತ ಮೊದಲೇ ಮಂಗಳೂರು ಸೇರಿರುತ್ತದೆ.