ಡಬಲ್ ಸಿಲಿಂಡರ್ ಪಟ್ಟಿ: ಪಟ್ಟಿಗೆ ನಾಲ್ಕು ಸ್ಟಾರ್, ಬೋಲ್ಟಿಗೆ ಒಂದು

ಸ್ಕೂಬಾ ಡೈವಿಂಗ್‌ನ ಜೋಡಿ ಸಿಲಿಂಡರ್ ಕಟ್ಟುವ ಈ ಸ್ಟೀಲ್ ಪಟ್ಟಿ ಚೆನ್ನಾಗಿದೆ, ಧೈರ್ಯವಾಗಿ ತಗೊಳ್ಳಿ. ಅದರ ಜೊತೆ ಬರುವ ಬೋಲ್ಟು, ನಟ್ಟುಗಳನ್ನು ಮಾತ್ರ ನಂಬಬೇಡಿ. ಕೆಲವು ಸೀಸನ್ ಬಳಸಿದ ಮೇಲೆ ನನ್ನ ಅಭಿಪ್ರಾಯ ಇಷ್ಟೇ. ಯಾಕೆ ಅಂತ ಮುಂದೆ ಬರೆದಿದ್ದೇನೆ.

ವಸ್ತು ಯಾವುದು ಅಂತ ಗೊತ್ತಿಲ್ಲದವರಿಗೆ: ಸ್ಕೂಬಾ ಡೈವಿಂಗ್‌ನಲ್ಲಿ ಎರಡು ಸಿಲಿಂಡರ್‌ಗಳನ್ನು ಜೋಡಿ ಮಾಡಿ ಬೆನ್ನಿಗೆ ಹಾಕಿಕೊಳ್ಳುವ ಪದ್ಧತಿ ಇದೆ. ಮೇಲೆ ಎರಡೂ ವಾಲ್ವ್‌ಗಳನ್ನು ಸೇರಿಸುವ ಅಡ್ಡ ಪೈಪು ಇರುತ್ತದೆ, ಅದೇ ಮ್ಯಾನಿಫೋಲ್ಡ್. ಕೆಳಗೆ ಎರಡನ್ನೂ ಹಿಡಿದಿಡಲು ಎರಡು ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗಳು. ಒಂದೊಂದೂ ಎರಡು ಇಂಚು ಅಗಲ, ಕನ್ನಡದ ೮ ಅಲ್ಲ, ಇಂಗ್ಲಿಷಿನ 8ರ ಆಕಾರ. ನಡುವೆ ಒಂದು ಉದ್ದ ಬೋಲ್ಟ್. ಅದನ್ನು ಬಿಗಿ ಮಾಡಿದರೆ ಮುಂದಿನ ಮತ್ತು ಹಿಂದಿನ ಚಪ್ಪಟೆ ಭಾಗಗಳು ಹತ್ತಿರ ಬಂದು ಪಟ್ಟಿ ಎರಡೂ ಸಿಲಿಂಡರ್‌ಗಳನ್ನು ಅಪ್ಪಿಕೊಳ್ಳುತ್ತದೆ. ಬೋಲ್ಟಿನ ಉಳಿದ ತುದಿ ಹೊರಗೆ ಚಾಚಿರುತ್ತದೆ. ಬೆನ್ನಿಗೆ ತಾಗುವ, ಬೆಲ್ಟ್ ಇರುವ ತಗಡು, ಅಂದರೆ ಬ್ಯಾಕ್‌ಪ್ಲೇಟ್, ಕೂರುವುದು ಅದರ ಮೇಲೆ.

ಹುಬ್ಬಳ್ಳಿಯಲ್ಲಿ ಇದ್ದುಕೊಂಡು ಇದೆಲ್ಲ ಯಾಕೆ ಅಂತ ಮನೆಯಲ್ಲೂ ಕೇಳುತ್ತಾರೆ. ಸಮುದ್ರ ನಮಗೆ ದೂರ ನಿಜ. ಆದರೆ ಯಲ್ಲಾಪುರ, ಅರಬೈಲ್ ಘಾಟ್ ಇಳಿದು ಅಂಕೋಲಾ ಮುಟ್ಟಿದರೆ ಮುರ್ಡೇಶ್ವರಕ್ಕೆ ಒಂದೇ ಹೆದ್ದಾರಿ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ. ನೇತ್ರಾಣಿಯ ಸಾಮಾನ್ಯ ಡೈವ್‌ಗೆ ಬಾಡಿಗೆಯ ಒಂದು ಸಿಲಿಂಡರ್ ಧಾರಾಳ ಸಾಕು. ನಾನು ಜೋಡಿ ಕಟ್ಟಿಕೊಂಡಿದ್ದು ಮುಂದಿನ ತರಬೇತಿಗೆ, ಒಂದು ಕಡೆ ಗಾಳಿ ಸೋರಿದರೆ ನೀರೊಳಗೇ ಅದನ್ನು ಬಂದ್ ಮಾಡಿ ಇನ್ನೊಂದರಲ್ಲಿ ಉಸಿರಾಡುವ ಅಭ್ಯಾಸಕ್ಕೆ. ಸುಮ್ನೆ ಶೋಕಿಗೆ ಅಂತಾದರೆ ಈ ಭಾರ ಹೊರುವುದು ಬೇಡ. ಎರಡು ಅಲ್ಯೂಮಿನಿಯಂ 80 (ಸುಮಾರು 80 ಘನ ಅಡಿ ಗಾಳಿ ಹಿಡಿಯುವ) ಸಿಲಿಂಡರ್, ಮ್ಯಾನಿಫೋಲ್ಡ್, ಪಟ್ಟಿ, ಒಳಗಿನ ಗಾಳಿ ಎಲ್ಲ ಸೇರಿದರೆ 35 ಕೆಜಿ ದಾಟುತ್ತದೆ. ಬರೀ ಗಾಳಿಯೇ ಐದು ಕೆಜಿಗಿಂತ ಜಾಸ್ತಿ.

ನಾನು ತರಿಸಿದ್ದು ಹೊರದೇಶದ ಸೆಟ್, 316 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್‌ನದು. ಕಸ್ಟಮ್ಸ್ ಸೇರಿ 14 ಸಾವಿರದ ಹತ್ತಿರ ಬಿತ್ತು. ಗೋಕುಲ ರೋಡ್‌ನ ಪರಿಚಯದ ಲೇಥ್ ಅಂಗಡಿಗೆ ತೋರಿಸಲು ಒಯ್ದಿದ್ದೆ. ಅಲ್ಲಿನ ಮೇಸ್ತ್ರಿ ತಿರುಗಿಸಿ ಮುರುಗಿಸಿ ನೋಡಿ, "ಇದು ಲಾರಿ ಡೀಸೆಲ್ ಟ್ಯಾಂಕಿನ ಪಟ್ಟಿ ಇದ್ದಂಗ ಐತಲ್ರಿ ಸರ. ಎರಡು ಸಾವಿರದಾಗ ಮಾಡಿಕೊಡ್ತೀನಿ" ಅಂದರು. ಮಾಡುತ್ತಾರೆ, ಅನುಮಾನವಿಲ್ಲ, ಅವರ ಕೈ ಅಂಥದ್ದು. ತೊಂದರೆ ಇರುವುದು ಮಾಲಿನಲ್ಲಿ. ನಮ್ಮ ಕಡೆ ರೇಲಿಂಗ್, ಗೇಟ್ ಮಾಡುವವರ ಹತ್ತಿರ ಜಾಸ್ತಿ ಸಿಗುವುದು 202 ಗ್ರೇಡ್. ಮನೆ ಮೆಟ್ಟಿಲಿಗೆ ಅದು ಸಾಕು, ಉಪ್ಪುನೀರಿಗೆ ಆಗದು. ಆಯಸ್ಕಾಂತ ಹಿಡಿದು ನೋಡಿದರೆ 304 ಯಾವುದು, 316 ಯಾವುದು ಅಂತ ಗೊತ್ತಾಗುವುದಿಲ್ಲ, ಎರಡೂ ಅಂಟುವುದಿಲ್ಲ. ಉಪ್ಪುನೀರು ಹೆಚ್ಚು ತಡೆಯುವ 316ರಲ್ಲಿ ಮಾಲಿಬ್ಡಿನಂ ಎಂಬ ಲೋಹ ಇರುತ್ತದೆ, ಅದನ್ನು ಪತ್ತೆ ಮಾಡಲು ಒಂದು ಹನಿ ಹಾಕಿ ಬಣ್ಣ ನೋಡುವ ದ್ರಾವಣ ಬರುತ್ತದೆ. ನನ್ನ ಪಟ್ಟಿ ಆ ಪರೀಕ್ಷೆಯಲ್ಲಿ ಪಾಸಾಯಿತು.

ಬೋಲ್ಟು ಫೇಲಾಯಿತು. ಅದರ ತಲೆಯ ಮೇಲೆ ಏನೂ ಬರೆದಿರಲಿಲ್ಲ. ಸರಿಯಾದ ಸ್ಟೇನ್‌ಲೆಸ್ ಬೋಲ್ಟಿನ ತಲೆಯ ಮೇಲೆ ಎ2 ಅಥವಾ ಎ4 ಅಂತ ಅಚ್ಚು ಇರುತ್ತದೆ. ಎ2 ಅಂದರೆ 304ರ ಜಾತಿ, ಎ4 ಅಂದರೆ 316ರ ಜಾತಿ. ಹದಿನಾಲ್ಕು ಸಾವಿರ ತೆಗೆದುಕೊಂಡು ನಾಲ್ಕು ಕಾಸಿನ ಬೋಲ್ಟ್ ಕೊಡುವುದು ಯಾವ ವ್ಯಾಪಾರವೋ ದೇವರೇ ಬಲ್ಲ. ಮೊದಲ ಸೀಸನ್ ಮುಗಿಯುವ ಹೊತ್ತಿಗೆ ಥ್ರೆಡ್ ತುಂಬ ಕಂದು ಕಲೆ. ಬಿಚ್ಚಲು ಹೋದಾಗ ಕೆಳಗಿನ ಪಟ್ಟಿಯ ನಟ್ ಅರ್ಧ ಸುತ್ತು ಬಂದು ಅಲ್ಲೇ ಕಚ್ಚಿಕೊಂಡಿತು. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಒಣಗಾಗಿ ಉಜ್ಜಿದರೆ ಆಗುವುದೇ ಹೀಗೆ, ಥ್ರೆಡ್‌ಗಳು ಒಂದಕ್ಕೊಂದು ಬೆಸುಗೆ ಹಾಕಿದ ಹಾಗೆ ಹಿಡಿದುಕೊಳ್ಳುತ್ತವೆ. ಆಮೇಲೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಮಾರಿದವರಿಗೆ ಬರೆದೆ. "ಬಳಕೆಯ ಸವೆತ ವಾರಂಟಿಗೆ ಬರುವುದಿಲ್ಲ" ಅಂತ ಉತ್ತರ ಬಂತು.

ಅದನ್ನು ಗ್ರೈಂಡರ್ ಹಿಡಿದು ಕತ್ತರಿಸಿಬಿಡೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬೋಲ್ಟ್ ಇರುವುದು ಎರಡು ಸಿಲಿಂಡರ್‌ಗಳ ಸಂದಿಯಲ್ಲಿ. ಡಿಸ್ಕ್ ಒಮ್ಮೆ ಜಾರಿದರೆ ಸಿಲಿಂಡರ್ ಗುಜರಿಗೆ. ಇವು 6061 ಅಲ್ಯೂಮಿನಿಯಂ, ಶಾಖದಿಂದಲೇ ಹದ ಮಾಡಿ ಗಟ್ಟಿಗೊಳಿಸಿದ ಲೋಹ. ಮತ್ತೆ ಜೋರು ಶಾಖ ತಗುಲಿದರೆ ಆ ಗಟ್ಟಿತನ ಹೋಗುತ್ತದೆ. ಬಣ್ಣ ಹೋಗಿದೆ ಅಂತ ಪೌಡರ್ ಕೋಟಿಂಗ್ ಒಲೆಗೆ ಹಾಕಿಸಬಾರದು ಅನ್ನುವುದೂ ಇದೇ ಕಾರಣಕ್ಕೆ. ನಾನು ಸಂದಿಗೆ ಹಳೆಯ ಹಲಗೆ ಚೂರು ತುರುಕಿ, ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು ತೆಗೆದೆ. ಮಧ್ಯಾಹ್ನ ಪೂರ್ತಿ ಹಿಡಿಯಿತು. ಕೈಯಲ್ಲಿ ಗುಳ್ಳೆ ಎದ್ದವು.

ಈಗ ಹಾಕಿರುವುದು ಎ4-80 ಅಚ್ಚಿನ ಬೋಲ್ಟ್ (80 ಅಂದರೆ ಬಲದ ದರ್ಜೆ), ನೈಲಾನ್ ಬಳೆ ಇರುವ ನೈಲಾಕ್ ನಟ್, ಥ್ರೆಡ್‌ಗೆ ಕಚ್ಚಿಕೊಳ್ಳದಂತೆ ಒಂದು ಚಿಟಿಕೆ ಆಂಟಿ-ಸೀಜ್ ಪೇಸ್ಟ್. ನಟ್ಟನ್ನು ನಿಧಾನವಾಗಿ, ಕೈಪಾನಾದಲ್ಲೇ ತಿರುಗಿಸಬೇಕು. ಇಂಪ್ಯಾಕ್ಟ್ ಗನ್ ಹಚ್ಚಿದರೆ ಮತ್ತೆ ಕಚ್ಚಿಕೊಳ್ಳುತ್ತದೆ. ಪೇಸ್ಟ್ ಮುಟ್ಟಿದ ಕೈಯಲ್ಲಿ ವಾಲ್ವ್, ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ (ಓ-ರಿಂಗ್) ಮುಟ್ಟಬೇಡಿ. ಆಕ್ಸಿಜನ್ ಜಾಸ್ತಿ ಇರುವ ಗ್ಯಾಸ್ ತುಂಬಿಸುವವರಿಗಂತೂ ಈ ಮಾತು ಎರಡು ಸಲ. ಒಮ್ಮೆ ಬಿಚ್ಚಿದ ನೈಲಾಕ್ ಮತ್ತೆ ಬಳಸುವುದಿಲ್ಲ, ಹೊಸದೇ ಹಾಕುತ್ತೇನೆ. ಹತ್ತು ಇಪ್ಪತ್ತು ರೂಪಾಯಿಯ ಮಾಲು.

ಇನ್ನು ಕೂರಿಸುವ ಕೆಲಸ. ಇದರಲ್ಲಿ ಈ ಪಟ್ಟಿ ನಿಜವಾಗಿಯೂ ಮೆಚ್ಚುವಂತಿದೆ. ಅಂಚುಗಳನ್ನು ಚೆನ್ನಾಗಿ ಉಜ್ಜಿದ್ದಾರೆ, ಬೆರಳು ಕೊಯ್ಯುವುದಿಲ್ಲ. ಎರಡೂ ಪಟ್ಟಿ ಒಂದೇ ಅಳತೆ, ಎಲ್ಲೂ ಸೊಟ್ಟಗಿಲ್ಲ. ನಮ್ಮ ಮನೆಯ ಹಿತ್ತಿಲಲ್ಲಿ ಕಡಪಾ ಕಲ್ಲಿನ ಕಟ್ಟೆ ಇದೆ, ಸಮತಟ್ಟು. ಸಿಲಿಂಡರ್‌ಗಳನ್ನು ಅದರ ಮೇಲೆ ನಿಲ್ಲಿಸುತ್ತೇನೆ. ಒಳಗೆ ಗಾಳಿ ಇಲ್ಲದಾಗ ಮಾತ್ರ ಈ ಕೆಲಸ. ಪಟ್ಟಿಗಳನ್ನು ಸಡಿಲವಾಗಿ ಇಳಿಸಿ, ಒಂದೇ ಎತ್ತರದ ಮರದ ತುಂಡುಗಳನ್ನು ಕೆಳಗೆ ಕೊಟ್ಟರೆ ಅವು ಓರೆಯಾಗುವುದಿಲ್ಲ. ಎರಡು ಬೋಲ್ಟುಗಳ ನಡುವಿನ ಅಂತರ 11 ಇಂಚು. ಬ್ಯಾಕ್‌ಪ್ಲೇಟಿನ ತೂತುಗಳು ಇರುವುದೂ ಅಷ್ಟೇ ಅಂತರಕ್ಕೆ. ಮೇಲಿನ ಪಟ್ಟಿ ಸಿಲಿಂಡರ್‌ನ ಭುಜ ಬಾಗಲು ಶುರುವಾಗುವ ಜಾಗದ ಸ್ವಲ್ಪ ಕೆಳಗೆ, ನೇರ ಗೋಡೆಯ ಮೇಲೆ ಕೂರಬೇಕು. ಬಾಗಿದ ಕಡೆ ಕೂತರೆ ಹಿಡಿತ ಇಲ್ಲ.

ಆಮೇಲೆ ಮ್ಯಾನಿಫೋಲ್ಡ್. ಎರಡೂ ವಾಲ್ವ್ ಬಿಗಿಯಾಗಿ ಕೂತ ಮೇಲೆ, ಅವು ಒಂದಕ್ಕೊಂದು ನೇರವಾಗುವ ತನಕ ಸಡಿಲ ಪಟ್ಟಿಯೊಳಗೆ ಸಿಲಿಂಡರ್‌ಗಳನ್ನೇ ತಿರುಗಿಸಬೇಕು. ಅಡ್ಡ ಪೈಪು ಎರಡೂ ಕಡೆ ಸಮನಾಗಿ ಒಳಗೆ ಹೋಗಬೇಕು. ಈಗ ಮೇಲಿನ ನಟ್ ಸ್ವಲ್ಪ, ಕೆಳಗಿನದು ಸ್ವಲ್ಪ, ಮತ್ತೆ ಮೇಲಿನದು, ಹೀಗೆ ಪಾಳಿಯಲ್ಲಿ ಬಿಗಿ ಮಾಡುತ್ತ ಹೋಗಿ. ನಡು ನಡುವೆ ಅಡ್ಡ ಪೈಪನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಸರಿ ಇದೆ. ಬಿಗಿಯಾಯಿತು ಅಂದರೆ ಪಟ್ಟಿ ಸಿಲಿಂಡರ್‌ಗಳನ್ನು ಓರೆ ಎಳೆಯುತ್ತಿದೆ, ಆ ಭಾರವೆಲ್ಲ ಪೈಪಿನ ಓ-ರಿಂಗ್ ಮೇಲೆ ಬೀಳುತ್ತಿದೆ ಅಂತ ಅರ್ಥ. ಬಿಚ್ಚಿ ಮತ್ತೆ ಮಾಡಿ, ಬೇರೆ ದಾರಿ ಇಲ್ಲ. ಭಾರ ಹೊರುವುದು ಪಟ್ಟಿಯ ಕೆಲಸ. ಮ್ಯಾನಿಫೋಲ್ಡ್ ಗಾಳಿ ಸಾಗಿಸಲಿಕ್ಕೆ ಮಾತ್ರ.

ಈ ಮಾತು ದೋಣಿಯಲ್ಲಿ ಎಲ್ಲರಿಗೂ ಹೇಳಿ ಹೇಳಿ ಸಾಕಾಗಿದೆ. ಜೋಡಿ ಸಿಲಿಂಡರ್ ಕಂಡ ಕೂಡಲೇ ಎಲ್ಲರ ಕೈ ಹೋಗುವುದು ಆ ಅಡ್ಡ ಪೈಪಿಗೇ. ನೋಡಲು ಹಿಡಿಕೆಯಂತೆಯೇ ಇದೆಯಲ್ಲ! "ಅಣ್ಣಾ, ಅದನ್ನ ಹಿಡೀಬ್ಯಾಡ್ರಿ" ಅಂದರೆ, "ಮತ್ತೆಲ್ಲಿ ಹಿಡಿಯೂದು ಮಾರಾಯ್ರೆ?" ಅಂತ ದೋಣಿ ಹುಡುಗರು ಕೇಳುತ್ತಾರೆ. ಸಿಲಿಂಡರ್ ಕುತ್ತಿಗೆ ಹಿಡಿಯಿರಿ, ಇಲ್ಲವೇ ಬ್ಯಾಕ್‌ಪ್ಲೇಟಿನ ಬೆಲ್ಟ್.

ಎಷ್ಟು ಬಿಗಿ ಇರಬೇಕು? ಸಿಲಿಂಡರ್ ಕೈಯಲ್ಲಿ ತಿರುಗಿಸಿದರೆ ಅಲುಗಬಾರದು, ಅಷ್ಟು. ಮೈಮೇಲೆ ಬಿದ್ದು ಬಿಗಿ ಮಾಡುವುದು ಬೇಡ. 207 ಬಾರ್ ಒತ್ತಡಕ್ಕೆ ಗಾಳಿ ತುಂಬಿದಾಗ ಅಲ್ಯೂಮಿನಿಯಂ ಸಿಲಿಂಡರ್ ಕಣ್ಣಿಗೆ ಕಾಣದಷ್ಟು ಉಬ್ಬುತ್ತದೆ. ಖಾಲಿ ಇದ್ದಾಗ ಸರಿಯಾಗಿ ಕೂತ ಪಟ್ಟಿ ತುಂಬಿದಾಗ ತಾನೇ ಇನ್ನಷ್ಟು ಬಿಗಿಯಾಗುತ್ತದೆ.

ಕೆಲವರು ಪಟ್ಟಿ ಕೆಳಗೆ ಸೈಕಲ್ ಟ್ಯೂಬಿನ ರಬ್ಬರ್ ಕೊಡುತ್ತಾರೆ, ಬಣ್ಣ ಉಳಿಯಲಿ ಅಂತ. ನನಗೆ ಅದು ಸರಿ ಕಾಣುವುದಿಲ್ಲ. ರಬ್ಬರ್ ಕೆಳಗೆ ಉಪ್ಪುನೀರು ನಿಲ್ಲುತ್ತದೆ. ಸ್ಟೀಲು, ಅಲ್ಯೂಮಿನಿಯಂ, ಉಪ್ಪುನೀರು ಮೂರೂ ಸೇರಿದರೆ ಸವೆಯುವುದು ಅಲ್ಯೂಮಿನಿಯಮ್ಮೇ. ರಬ್ಬರ್ ಇಲ್ಲದಿದ್ದರೂ ಇದು ಪೂರ್ತಿ ತಪ್ಪುವುದಿಲ್ಲ. ನನ್ನ ಎಡ ಸಿಲಿಂಡರ್‌ನಲ್ಲಿ ಪಟ್ಟಿಯ ಕೆಳ ಅಂಚಿಗೆ ಬಣ್ಣ ಗುಳ್ಳೆ ಎದ್ದು, ಉಗುರಿನಿಂದ ಕೆರೆದರೆ ಬಿಳಿ ಪುಡಿ ಬಂತು. ಕೆಳಗೆ ಗುಂಡಿ ಬಿದ್ದಿರಲಿಲ್ಲ, ಸದ್ಯ. ಅದಕ್ಕೇ ಮಳೆಗಾಲದಲ್ಲಿ ದೋಣಿ ನಿಂತಾಗ ಪಟ್ಟಿ ಪೂರ್ತಿ ಬಿಚ್ಚಿ ಒರೆಸಿ ನೋಡುತ್ತೇನೆ. ಪ್ರತಿ ಡೈವ್ ಆದ ಮೇಲೆ ಸಿಹಿನೀರಲ್ಲಿ ತೊಳೆಯುವುದು ಇದ್ದೇ ಇದೆ. ನಮ್ಮೂರಲ್ಲಿ ನಲ್ಲಿ ನೀರು ಬರುವ ದಿನ ನೋಡಿಕೊಂಡು ಸಮುದ್ರಕ್ಕೆ ಹೋಗಬೇಕು, ಅದು ಬೇರೆ ಕಥೆ. ಬೋರ್ ನೀರಾದರೆ ಬಿಳಿ ಕಲೆ ಉಳಿಯುತ್ತದೆ, ಒಣ ಬಟ್ಟೆಯಲ್ಲಿ ಒರೆಸಿದರಾಯಿತು.

ನೀರೊಳಗೆ ಪಟ್ಟಿಯ ಬಗ್ಗೆ ದೂರು ಇಲ್ಲ. ಸದ್ದಿಲ್ಲ, ಅಲುಗಾಟವಿಲ್ಲ. ಗಾಳಿ ಖಾಲಿಯಾದಂತೆ ಅಲ್ಯೂಮಿನಿಯಂ ಸಿಲಿಂಡರ್‌ಗಳ ತಳ ಮೇಲೆ ತೇಲಿ ನಮ್ಮನ್ನು ತಲೆಕೆಳಗೆ ಮಾಡಲು ನೋಡುತ್ತದೆ. ಅದಕ್ಕೆ ಎರಡು ಸಿಲಿಂಡರ್‌ಗಳ ನಡುವಿನ ಸಂದಿಯಲ್ಲಿ ಸೀಸದ ತೂಕ ಇಡುತ್ತೇನೆ. ವಾಲ್ವಿಗೆ ಕೈ ಎಟುಕದಿದ್ದರೆ ಪಟ್ಟಿಗಳನ್ನು ಅರ್ಧ ಇಂಚು ಕೆಳಗೆ ಸರಿಸಿ, ಆಗ ಸಿಲಿಂಡರ್ ಅಷ್ಟು ಮೇಲೆ ಬರುತ್ತದೆ.

ಆರ್ಡರ್ ಮಾಡುವ ಮುನ್ನ ಅಳತೆ ನೋಡಿಕೊಳ್ಳಿ. ಸಿಲಿಂಡರ್‌ಗೆ ದಾರ ಸುತ್ತಿ, ಆ ದಾರವನ್ನು ಟೇಪಿನ ಮೇಲೆ ಇಡಿ. ಸುಮಾರು 58 ಸೆಂಟಿಮೀಟರ್ ಬಂದರೆ ನಿಮ್ಮದು ಏಳೂಕಾಲು ಇಂಚು ವ್ಯಾಸದ್ದು, ಅಲ್ಯೂಮಿನಿಯಂ 80 ಇದೇ ಅಳತೆ. 64 ಬಂದರೆ ಎಂಟು ಇಂಚಿನದು. ಒಂದರ ಪಟ್ಟಿ ಇನ್ನೊಂದಕ್ಕೆ ಆಗುವುದಿಲ್ಲ, ಎಷ್ಟು ಬಿಗಿದರೂ. ಮ್ಯಾನಿಫೋಲ್ಡಿನ ಅಗಲವನ್ನೂ, ಅಂದರೆ ಎರಡು ವಾಲ್ವ್‌ಗಳ ಮಧ್ಯಬಿಂದುಗಳ ನಡುವಿನ ಅಂತರವನ್ನೂ, ಮಾರುವವರಿಗೆ ಹೇಳಿ. ಎಂಟು ಇಂಚಿನ ಜೋಡಿಗೆ ಸಾಮಾನ್ಯವಾಗಿ 215 ಮಿಲಿಮೀಟರ್, 171 ಮಿಲಿಮೀಟರಿನ ಸಪೂರ ಸಿಲಿಂಡರ್‌ಗಳಿಗೆ 185.