ಕಡಾಕೆಸ್: ಎರಡು ದಿನ, ನಾಲ್ಕು ತಟ್ಟೆ ಟೊಮೆಟೊ ಬ್ರೆಡ್ಡು

ಸ್ಪೇನ್‌ನ ಕಡಲ ತೀರದ ಊರು ಕಡಾಕೆಸ್‌ಗೆ ರೈಲಿಲ್ಲ. ಬಾರ್ಸಿಲೋನಾದಿಂದ ಫಿಗೆರೆಸ್‌ವರೆಗೆ ರೈಲು, ಆಮೇಲೆ ಒಂದು ಗಂಟೆ ಬಸ್ಸು. ಕೊನೆಯ ಭಾಗವೆಲ್ಲ ಘಾಟಿ ತಿರುವು. ನನ್ನವರ ಮುಖ ಹಸಿರಾಗಿತ್ತು. ಮುಂದಿನ ಸೀಟು ಹಿಡಿಯಿರಿ.

ನವೆಂಬರ್‌ನಲ್ಲಿ ಊರು ಅರ್ಧ ನಿದ್ದೆಯಲ್ಲಿತ್ತು. ಬಿಳಿ ಮನೆಗಳು, ಕಪ್ಪು ಕಲ್ಲಿನ ಏರು ಓಣಿಗಳು. ಚಕ್ರದ ಸೂಟ್‌ಕೇಸ್ ತಂದಿದ್ದಕ್ಕೆ ನನ್ನನ್ನೇ ಬೈದುಕೊಂಡೆ. ಎರಡನೇ ದಿನ ತ್ರಮುಂತಾನಾ ಬೀಸಿತು. ಉತ್ತರದ ಗಾಳಿ ಅದು, ಛತ್ರಿ ಬಿಚ್ಚುವ ಯೋಚನೆಯೇ ಬೇಡ.

ಬಂದರಿನ ಎದುರಿನ ಹೋಟೆಲಿನಲ್ಲಿ ಮೀನಿನ ಅನ್ನ ತಿಂದು ಕೆಟ್ಟೆವು. ಮುಕ್ಕಾಲು ಗಂಟೆ ಕಾಯಿಸಿ ಉಪ್ಪಿನ ಗುಡ್ಡೆ ತಂದಿಟ್ಟರು. ಹಿಂದಿನ ಓಣಿಯ ಸಣ್ಣ ಅಂಗಡಿ ಮಾನ ಕಾಪಾಡಿತು. ಅಲ್ಲಿ ಸುಟ್ಟ ಬ್ರೆಡ್ಡು, ಬೆಳ್ಳುಳ್ಳಿ, ಅರ್ಧ ಟೊಮೆಟೊ ಬಿಡಿಯಾಗಿ ಕೊಡ್ತಾರೆ. ನಾವು ಹೆಂಚಿಗೆ ಈರುಳ್ಳಿ ಉಜ್ಜುತ್ತೇವಲ್ವಾ, ಹಾಗೆ ಬ್ರೆಡ್ಡಿಗೆ ಟೊಮೆಟೊ ಉಜ್ಜಬೇಕು. ಕೈಯಲ್ಲಿ ಬರೀ ಸಿಪ್ಪೆ ಉಳಿಯಬೇಕು. ಮೇಲೆ ಆಲಿವ್ ಎಣ್ಣೆ, ಉಪ್ಪು. ಇಷ್ಟೇ. ನಾಲ್ಕು ತಟ್ಟೆ ಖಾಲಿ ಮಾಡಿದೆವು.

ಪಕ್ಕದ ಪೋರ್ಟ್‌ಲಿಗಾಟ್‌ನಲ್ಲಿ ಚಿತ್ರಕಲಾವಿದ ಸಾಲ್ವಡಾರ್ ಡಾಲಿಯ ಮನೆ ಇದೆ, ನಡೆದೇ ಹೋಗಬಹುದು. ಟಿಕೆಟ್ ಮೊದಲೇ ಮಾಡಿಸಿ, ಸಣ್ಣ ಗುಂಪುಗಳನ್ನು ಮಾತ್ರ ಒಳಗೆ ಬಿಡ್ತಾರೆ. 1930ರಲ್ಲಿ ಕೊಂಡ ಬೆಸ್ತರ ಗುಡಿಸಲಿಗೆ ಒಂದೊಂದೇ ಗುಡಿಸಲು ಸೇರಿಸುತ್ತಾ ಹೋದ ಮನೆ. ಬಾಗಿಲಲ್ಲೇ ಸರ ಹಾಕಿಕೊಂಡ, ಒಳಗೆ ತುಂಬಿ ನಿಲ್ಲಿಸಿದ ಸತ್ತ ಕರಡಿ! ಮಂಚದಿಂದ ಏಳದೆ ಸೂರ್ಯೋದಯ ನೋಡಲು ಒಂದು ಕನ್ನಡಿ. ಸೋಮಾರಿತನಕ್ಕೆ ಇಷ್ಟು ತಲೆ ಓಡಿಸಿದವರನ್ನು ನಾನು ಕಂಡಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದಿದ್ದು ಆ ಅನ್ನಕ್ಕೆ.