ಪ್ರೊಮೀಥಿಯಸ್, ಅಲರ್ಟ್‌ಮ್ಯಾನೇಜರ್: ವರ್ಷಗಟ್ಟಲೆ ಬಳಸಿದ ಮೇಲೆ ಅನಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ 4 ಅಂಕ. ಕ್ಲೌಡ್‌ನಲ್ಲಿ ಸರ್ವರ್ ನೋಡಿಕೊಳ್ಳುವವರು ಯಾವುದರಿಂದ ಶುರು ಮಾಡಲಿ ಅಂತ ಕೇಳಿದರೆ ಸರ್ವರ್‌ಗಳ ಸ್ಥಿತಿಗತಿ ಗಮನಿಸುವ ಪ್ರೊಮೀಥಿಯಸ್ ಅಂತಲೇ ಹೇಳುತ್ತೇನೆ. ಕಡಿಮೆಯಾದ ಆ ಒಂದು ಅಂಕ ಡೇಟಾಬೇಸ್ ರೆಪ್ಲಿಕೇಶನ್ (ಡೇಟಾವನ್ನು ಇನ್ನೊಂದು ಸರ್ವರ್‌ಗೆ ನಕಲಿಸುತ್ತಾ ಇರುವುದು) ಮೇಲೆ ಕಣ್ಣಿಡುವ ವಿಚಾರದ್ದು. ಅಲ್ಲಿ ಅದು ಕೇಳಿದಷ್ಟಕ್ಕೆ ಉತ್ತರ ಕೊಟ್ಟು ಸುಮ್ಮನಾಗಿಬಿಡುತ್ತದೆ. ಏನು ಕೇಳಬೇಕು ಅನ್ನುವ ತಲೆನೋವು ಪೂರ್ತಿ ನಮ್ಮದು.

ಗೊತ್ತಿಲ್ಲದವರಿಗೆ ಎರಡು ಮಾತು. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯೊಳಗೆ ಹುಟ್ಟಿದ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದು. 2016ರಲ್ಲಿ ಇಂಥ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳನ್ನು ನೋಡಿಕೊಳ್ಳುವ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ ಸೇರಿತು. ಸರ್ವರ್‌ಗಳ ಮೇಲೆ ಅಪ್ಲಿಕೇಶನ್‌ಗಳನ್ನು ಓಡಿಸಿ ನಿರ್ವಹಿಸುವ ಕುಬರ್ನೆಟಿಸ್ ಬಿಟ್ಟರೆ ಅಲ್ಲಿಗೆ ಹೋದ ಮೊದಲ ಪ್ರಾಜೆಕ್ಟ್ ಇದೇ. ಅಂಕಿಅಂಶ ಕೂಡಿಡುವುದು ಪ್ರೊಮೀಥಿಯಸ್, ಎಚ್ಚರಿಕೆ ಕಳಿಸುವುದು ಅಲರ್ಟ್‌ಮ್ಯಾನೇಜರ್, ಚಿತ್ರ ಬಿಡಿಸಿ ತೋರಿಸೋದಕ್ಕೆ ಹೆಚ್ಚಿನವರು ಗ್ರಫಾನಾ ಇಟ್ಟುಕೊಳ್ಳುತ್ತಾರೆ.

ನನಗೆ ಮೊದಲು ಹಿಡಿಸಿದ್ದು ಅದು ಕೆಲಸ ಮಾಡುವ ರೀತಿ. ಸರ್ವರ್‌ಗಳು ತಾವಾಗಿ ಏನನ್ನೂ ಕಳಿಸಬೇಕಿಲ್ಲ. ಪ್ರೊಮೀಥಿಯಸ್ಸೇ 15 ಸೆಕೆಂಡಿಗೋ ನಿಮಿಷಕ್ಕೋ ಒಮ್ಮೆ ಪ್ರತಿಯೊಂದನ್ನೂ ಕೇಳಿಕೊಂಡು ಬರುತ್ತದೆ, ಮೇಷ್ಟ್ರು ಹಾಜರಿ ಕರೆದ ಹಾಗೆ. ಉತ್ತರ ಬರಲಿಲ್ಲ ಅಂದರೆ ‘ಅಪ್’ ಅನ್ನುವ ಮೆಟ್ರಿಕ್ (ಅಳತೆಯ ಅಂಕಿ) 0 ಆಗುತ್ತದೆ. ಸರ್ವರ್ ಬಿದ್ದಿದೆಯೋ, ಹೇಳೋಕೆ ಏನೂ ಇಲ್ಲದೆ ಸುಮ್ನೆ ಇದೆಯೋ ಅನ್ನುವ ಗೊಂದಲವೇ ಇಲ್ಲ.

ಆದರೆ ಇಷ್ಟು ವರ್ಷ ಇದನ್ನು ಬಿಡದೆ ಇಟ್ಟುಕೊಂಡಿದ್ದು ಅಲರ್ಟ್‌ಮ್ಯಾನೇಜರ್ ಕಾರಣಕ್ಕೆ. ಗ್ರಾಫ್ ತೋರಿಸುವ ಸಾಫ್ಟ್‌ವೇರ್‌ಗೆ ಬರವಿಲ್ಲ. ರಾತ್ರಿ ಮಲಗೋಕೆ ಬಿಡುವ ಸಾಫ್ಟ್‌ವೇರ್ ಕಡಿಮೆ. ಒಂದು ನೆಟ್‌ವರ್ಕ್ ಸ್ವಿಚ್ ಹೋದರೆ ಅದರ ಹಿಂದಿರುವ ಎಲ್ಲ ಸರ್ವರ್‌ಗಳೂ ಒಟ್ಟಿಗೆ ಕೂಗುತ್ತವೆ. ಅಲರ್ಟ್‌ಮ್ಯಾನೇಜರ್ ಸ್ವಲ್ಪ ಕಾದು, ಒಂದೇ ಗುಂಪಿನವನ್ನೆಲ್ಲ ಸೇರಿಸಿ ಒಂದೇ ಸಂದೇಶ ಕಳಿಸುತ್ತದೆ. ನಾವು ಏನೂ ಬದಲಾಯಿಸದಿದ್ದರೆ ಆ ಕಾಯುವಿಕೆ 30 ಸೆಕೆಂಡು. ಗುಂಪಿಗೆ ಹೊಸದು ಸೇರಿದರೆ 5 ನಿಮಿಷದ ಅಂತರದಲ್ಲಿ ತಿಳಿಸುತ್ತದೆ, ತೊಂದರೆ ಹಾಗೇ ಇದ್ದರೆ 4 ಗಂಟೆಗೊಮ್ಮೆ ನೆನಪಿಸುತ್ತದೆ. ಸ್ವಿಚ್ ಬಿದ್ದಿರುವಾಗ ಸರ್ವರ್‌ಗಳ ದೂರು ಬೇಡ ಅಂತ ತಡೆಯಬಹುದು. ರಿಪೇರಿ ಹೊತ್ತಲ್ಲಿ ‘ಸೈಲೆನ್ಸ್’ ಹಾಕಿದರೆ ಅವಧಿ ಮುಗಿದ ಕೂಡಲೇ ಅದು ತಾನೇ ಎದ್ದುಹೋಗುತ್ತದೆ. ಈ ಕೊನೆಯದು ಸಣ್ಣ ವಿಷಯ ಅನಿಸಬಹುದು. ಬಾಯಿ ಮುಚ್ಚಿಸಿದ ಅಲರ್ಟ್ ಅನ್ನು ಮತ್ತೆ ಆನ್ ಮಾಡಲು ಯಾರಿಗೂ ನೆನಪಿರಲ್ಲ, ಅಲ್ವಾ?

ಡಿಸ್ಕ್ ವಿಚಾರದಲ್ಲೂ ಒಂದು ಒಳ್ಳೆ ಸೌಲಭ್ಯ ಇದೆ. 80% ತುಂಬಿದರೆ ಕೂಗು ಅನ್ನುವ ರೂಲ್ ನನಗೆ ಹಿಡಿಸಲ್ಲ. ವರ್ಷವಿಡೀ 85%ರಲ್ಲೇ ನಿಂತ ಡಿಸ್ಕ್‌ನಿಂದ ಯಾರಿಗೂ ತೊಂದರೆ ಇಲ್ಲ. ‘ಪ್ರೆಡಿಕ್ಟ್ ಲೀನಿಯರ್’ ಅನ್ನುವ ಫಂಕ್ಷನ್ ಬಳಸಿದರೆ ಈಗಿನ ವೇಗದಲ್ಲಿ ಇನ್ನು 4 ಗಂಟೆಗೆ ತುಂಬಿಬಿಡುತ್ತದಾ ಅಂತ ಕೇಳಬಹುದು. ಎದ್ದು ಕೂರಲೇಬೇಕಾದ ಪ್ರಶ್ನೆ ಅದು.

ಈಗ ರೆಪ್ಲಿಕೇಶನ್‌ಗೆ ಬರೋಣ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಉದಾಹರಣೆ ತಗೊಳ್ಳಿ. ಮುಖ್ಯ ಸರ್ವರ್‌ನಲ್ಲಿ ಬರೆದದ್ದು ರೆಪ್ಲಿಕಾಗೆ (ನಕಲು ಸರ್ವರ್‌ಗೆ) ಹೋಗುತ್ತದೆ. ರೆಪ್ಲಿಕಾ ಎಷ್ಟು ಹಿಂದಿದೆ ಅನ್ನುವುದೇ ಲ್ಯಾಗ್. ಎಲ್ಲೆಡೆ ಓಡಾಡುವ ರೂಲ್ ಹೀಗಿರುತ್ತದೆ: ರೆಪ್ಲಿಕಾದಲ್ಲಿ ಕೊನೆಯ ಟ್ರಾನ್ಸಾಕ್ಷನ್‌ನ (ಬರೆದ ಬದಲಾವಣೆಯ) ಸಮಯ ನೋಡು, ಈಗಿನ ಸಮಯದಿಂದ ಕಳೆ. ಕೇಳೋಕೆ ಸರಿಯಾಗಿದೆ. ಆದರೆ ಯಾರೂ ಏನೂ ಬರೆಯದ ಹೊತ್ತಲ್ಲಿ ಕೊನೆಯ ಟ್ರಾನ್ಸಾಕ್ಷನ್ ಹಳೆಯದಾಗುತ್ತಲೇ ಹೋಗುತ್ತದೆ. ರೆಪ್ಲಿಕಾ ಒಂದು ಬೈಟ್ ಕೂಡ ಹಿಂದಿಲ್ಲ, ಆದರೂ ಲ್ಯಾಗ್ ಏರುತ್ತದೆ. ಬೆಳಗಿನ ಜಾವದ ಸುಳ್ಳು ಅಲರ್ಟ್ ಇದೇ.

ಇದಕ್ಕೆ ಎಲ್ಲರೂ ಹಾಕುವ ತೇಪೆ ಇನ್ನೂ ಅಪಾಯ. ರೆಪ್ಲಿಕಾಗೆ ಬಂದದ್ದೆಲ್ಲ ಅನ್ವಯ ಆಗಿದ್ದರೆ ಲ್ಯಾಗ್ 0 ಅಂತ ತೋರಿಸು ಅನ್ನುತ್ತಾರೆ. ಸರಿ, ನಡುವಿನ ಸಂಪರ್ಕವೇ ಕಡಿದುಹೋದರೆ? ಹೊಸದೇನೂ ಬರುವುದಿಲ್ಲ. ಬಂದಿದ್ದೆಲ್ಲ ಮುಗಿದಿದೆ. ಲ್ಯಾಗ್ 0! ಡ್ಯಾಶ್‌ಬೋರ್ಡ್ ಹಸಿರು, ಡೇಟಾ ನಿನ್ನೆಯದು. ಹಾಗಾದರೆ ಮುಖ್ಯ ಸರ್ವರ್ ಕಡೆಯಿಂದಲೇ ಅಳೆಯೋಣ ಅಂದರೆ ಅಲ್ಲಿ ಮೂರನೇ ಹಳ್ಳ. ರೆಪ್ಲಿಕಾ ಕಳಚಿಕೊಂಡ ಕೂಡಲೇ ಮುಖ್ಯ ಸರ್ವರ್ ಇಟ್ಟ ರೆಪ್ಲಿಕಾಗಳ ಪಟ್ಟಿಯಿಂದ ಅದರ ಸಾಲೇ ಮಾಯ. ಮೆಟ್ರಿಕ್ಕೇ ಇಲ್ಲದ ಮೇಲೆ ‘30 ಸೆಕೆಂಡಿಗಿಂತ ಜಾಸ್ತಿ’ ಅನ್ನುವ ರೂಲ್ ಯಾವುದಕ್ಕೆ ಹೋಲಿಸಬೇಕು? ಸುಮ್ಮನಿರುತ್ತದೆ.

ನಾನು ಈಗ ಇಟ್ಟುಕೊಂಡಿರುವ ಕ್ರಮ ಇದು. ಮುಖ್ಯ ಸರ್ವರ್‌ನಲ್ಲಿ ಒಂದು ಪುಟ್ಟ ಟೇಬಲ್, ಅದರಲ್ಲಿ ಕೆಲವು ಸೆಕೆಂಡಿಗೊಮ್ಮೆ ಸಮಯ ಬರೆಯುವ ಕೆಲಸ. ರೆಪ್ಲಿಕಾದಲ್ಲಿ ಅದೇ ಸಮಯ ಓದಿ ಲ್ಯಾಗ್ ಲೆಕ್ಕ. ಜೊತೆಗೆ ಮುಖ್ಯ ಸರ್ವರ್‌ಗೆ ಎಷ್ಟು ರೆಪ್ಲಿಕಾ ಅಂಟಿಕೊಂಡಿವೆ ಅನ್ನುವ ಎಣಿಕೆಗೆ ಬೇರೆಯೇ ಅಲರ್ಟ್. ಮೆಟ್ರಿಕ್ಕೇ ಕಾಣೆಯಾದರೆ ಕೂಗೋಕೆ ‘ಆಬ್ಸೆಂಟ್’ ಅನ್ನುವ ಫಂಕ್ಷನ್. ರೆಪ್ಲಿಕೇಶನ್ ಸ್ಲಾಟ್ (ರೆಪ್ಲಿಕಾ ಎಲ್ಲಿವರೆಗೆ ಓದಿದೆ ಅನ್ನುವ ಗುರುತು) ಬಳಸುವವರು ಅದು ಹಿಡಿದಿಟ್ಟ ಲಾಗ್‌ನ (ಬದಲಾವಣೆಗಳ ದಾಖಲೆಯ) ಗಾತ್ರವನ್ನೂ ನೋಡಲೇಬೇಕು. ಕಳಚಿಕೊಂಡ ರೆಪ್ಲಿಕಾ ವಾಪಸ್ ಬರುತ್ತದೆ ಅಂತ ಮುಖ್ಯ ಸರ್ವರ್ ಆ ಲಾಗ್ ಕೂಡಿಡುತ್ತಾ ಹೋಗಿ ತನ್ನ ಡಿಸ್ಕನ್ನೇ ತುಂಬಿಸಿಕೊಳ್ಳುತ್ತದೆ. ಅದಕ್ಕೆ ಮಿತಿ ಹಾಕುವ ಸೆಟ್ಟಿಂಗ್ ಪೋಸ್ಟ್‌ಗ್ರೆಸ್ 13ರಿಂದ ಇದೆ, ಆದರೆ ನಾವಾಗಿ ಹಾಕಿಕೊಳ್ಳದಿದ್ದರೆ ಮಿತಿಯೇ ಇಲ್ಲ.

ತಮಾಷೆ ಏನೆಂದರೆ, ಎಲ್ಲರ ರೆಪ್ಲಿಕೇಶನ್ ಕಾಯುವ ಪ್ರೊಮೀಥಿಯಸ್‌ಗೆ ತನ್ನದೇ ಡೇಟಾದ ರೆಪ್ಲಿಕೇಶನ್ ಇಲ್ಲ. ಒಂದು ಸರ್ವರ್‌ನ ಡಿಸ್ಕ್‌ನಲ್ಲಿ ಇಡುತ್ತದೆ, ಅದೂ ಬದಲಾಯಿಸದಿದ್ದರೆ 15 ದಿನದಷ್ಟು. ಒಂದೇ ಥರದ ಎರಡು ಪ್ರೊಮೀಥಿಯಸ್ ಅಕ್ಕಪಕ್ಕ ಓಡಿಸುವುದು ಇದಕ್ಕೆ ಒಪ್ಪಿತ ದಾರಿ. ಎರಡೂ ಒಂದೇ ಅಲರ್ಟ್ ಕಳಿಸಿದರೂ ಅಲರ್ಟ್‌ಮ್ಯಾನೇಜರ್ ಒಂದನ್ನೇ ಮುಂದಕ್ಕೆ ಬಿಡುತ್ತದೆ. ವರ್ಷಗಟ್ಟಲೆ ಡೇಟಾ ಬೇಕಾದರೆ ಥಾನೋಸ್ ಅಥವಾ ಮಿಮಿರ್ ಅನ್ನುವ ಬೇರೆ ಸಾಫ್ಟ್‌ವೇರ್ ಜೋಡಿಸಬೇಕು. ಅದೇ ಒಂದು ಪ್ರತ್ಯೇಕ ಸಂಸಾರ.

ಮೆಮೊರಿ ಹಸಿವಿನ ಬಗ್ಗೆ ದೂರು ಜಾಸ್ತಿ ಕೇಳುತ್ತೇವೆ. ಬಹುಪಾಲು ಅದು ಲೇಬಲ್‌ಗಳದ್ದು, ಅಂದರೆ ಮೆಟ್ರಿಕ್‌ಗೆ ಅಂಟಿಸುವ ಗುರುತುಗಳದ್ದು. ಬಳಕೆದಾರರ ಐಡಿಯನ್ನು ಲೇಬಲ್ ಮಾಡಿದರೆ ಒಬ್ಬೊಬ್ಬರಿಗೂ ಹೊಸ ಸೀರೀಸ್ (ಅಂಕಿಗಳ ಸಾಲು) ಹುಟ್ಟುತ್ತದೆ. ಎಷ್ಟು ಮೆಮೊರಿ ಕೊಟ್ಟರೂ ಸಾಲದು.

ಅಲರ್ಟ್ ಬರುವ ದಾರಿಯೇ ಕೆಟ್ಟರೆ ಹೇಗೆ ಅನ್ನುವುದಕ್ಕೆ ಕೋಡ್ ಇಟ್ಟುಕೊಳ್ಳುವ ಸೇವೆ ಗಿಟ್‌ಲ್ಯಾಬ್‌ನ 2017ರ ಜನವರಿ 31ರ ಘಟನೆ ಓದಿ. ರೆಪ್ಲಿಕೇಶನ್ ಸರಿಮಾಡುವ ಗಡಿಬಿಡಿಯಲ್ಲಿ ಮುಖ್ಯ ಡೇಟಾಬೇಸ್‌ನ ಫೈಲ್‌ಗಳೇ ಅಳಿಸಿಹೋದವು. ಬ್ಯಾಕಪ್ ಬಹಳ ದಿನದಿಂದ ವಿಫಲವಾಗುತ್ತಿತ್ತು, ಅದನ್ನು ತಿಳಿಸುವ ಇಮೇಲ್‌ಗಳು ತಿರಸ್ಕೃತವಾಗಿ ಯಾರ ಕೈಗೂ ಸೇರಿರಲಿಲ್ಲ. ಸುಮಾರು 6 ಗಂಟೆಯ ಡೇಟಾ ಹೋಯಿತು. ಇದನ್ನೆಲ್ಲ ಅವರೇ ಬಿಚ್ಚಿ ಬರೆದಿದ್ದಾರೆ, ಅದಕ್ಕೆ ಮೆಚ್ಚಬೇಕು. ಈ ಕಾರಣಕ್ಕೇ ನಾನು ಸದಾ ಕೂಗುತ್ತಲೇ ಇರುವ ಒಂದು ಅಲರ್ಟ್ ಇಟ್ಟಿದ್ದೇನೆ. ಅದು ಹೊರಗಿನ ಒಂದು ಸೇವೆಗೆ ಹೋಗುತ್ತಿರುತ್ತದೆ. ನಿಂತರೆ ಆ ಸೇವೆ ಫೋನ್ ಮಾಡುತ್ತದೆ.

ಒಂದೆರಡು ಸರ್ವರ್ ಇರುವವರಿಗೆ ಇಷ್ಟೆಲ್ಲ ಬೇಡ. ಕ್ಲೌಡ್ ಕಂಪನಿಯೇ ಕೊಡುವ ಮಾನಿಟರಿಂಗ್ ಸಾಕು. ಡೇಟಾಬೇಸ್ ತಾವೇ ನಡೆಸುವವರು ಮಾತ್ರ ಪ್ರಾಮ್‌ಟೂಲ್ ಕಲಿತುಕೊಳ್ಳಿ. ಇದೂ ಪ್ರೊಮೀಥಿಯಸ್ ಜೊತೆಗೇ ಬರುತ್ತದೆ, ರೂಲ್‌ಗಳಿಗೆ ಟೆಸ್ಟ್ ಬರೆಯಬಹುದು. ರೆಪ್ಲಿಕಾದ ಸಾಲು ಮಧ್ಯದಲ್ಲೇ ಮಾಯವಾಗುವ ಟೆಸ್ಟ್ ಒಂದನ್ನು ಮೊದಲು ಬರೆಯಿರಿ. ನಕಲು ಮಾಡಿ ತಂದ ರೂಲ್‌ಗಳಲ್ಲಿ ಹೆಚ್ಚಿನವು ಅಲ್ಲೇ ಬಿದ್ದುಹೋಗುತ್ತವೆ.